ಉಚಿತ ಕಂಪೈಲರೂ ಕೆಂಪು ಪೆನ್ನೂ

ನನ್ನ ಹೆಂಡತಿ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಅಲ್ಲಿ ತಿದ್ದಿ ಮಿಕ್ಕ ಕೆಂಪು ಶಾಯಿಯನ್ನು ಮನೆಗೆ ತಂದು ನನ್ನ ಅಂಕಣದ ಮೇಲೆ ಸುರಿಯುತ್ತಾಳೆ. ಭ್ರಷ್ಟರ ಮೇಲೆ ನಾನು ಬೆಂಕಿಯುಗುಳಿದರೆ, ಆ ಬೆಂಕಿಗೆ ಒತ್ತಕ್ಷರ ತಪ್ಪಿದೆ ಎನ್ನುತ್ತಾಳೆ. ಯಾರ ಹತ್ತಿರವೂ ಕಲಿಯದೆ ಬರಹಗಾರನಾದ ನನಗೆ ಇದು ಅಸಹನೀಯ. (ಇಪ್ಪತ್ತೆರಡು ವರ್ಷದಿಂದ ಸಹಿಸುತ್ತಿದ್ದೇನೆ, ಆ ಮಾತು ಬೇರೆ.)

ಅದಕ್ಕೇ ಒಂದು ದಿನ ಘೋಷಿಸಿದೆ: ಪ್ರೋಗ್ರಾಮಿಂಗ್ ಕಲಿತು ಇನ್ನು ಯಂತ್ರಕ್ಕೆ ಬರೆಯುತ್ತೇನೆ, ಅದಕ್ಕೆ ಕಾಗುಣಿತದ ಹುಚ್ಚಿಲ್ಲ. ಪಂದ್ಯವೂ ಆಯಿತು. ಭಾನುವಾರದೊಳಗೆ, ಅವಳ ಕೈ ಸೋಕದೆ, ನನ್ನ ಪ್ರೋಗ್ರಾಂ ಓಡಿದರೆ ಅವಳು ನನ್ನ ಅಂಕಣವನ್ನು ಮತ್ತೆಂದೂ ಮುಟ್ಟುವಂತಿಲ್ಲ.

ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಲು ಕಂಪೈಲರ್ ಬೇಕು. ಭಾವಮೈದುನ ದುಬಾರಿಯದೊಂದರ ಕಳ್ಳ ಪ್ರತಿ ಕೊಡಲು ಬಂದ. ಕಳ್ಳರ ವಿರುದ್ಧ ಬರೆಯುವವನು ಕದ್ದ ಮಾಲಿನಲ್ಲಿ ಬರೆಯುವುದೇ? ಅರ್ಧ ಗಂಟೆ ಉಪನ್ಯಾಸ ಕೊಟ್ಟು ಕಳಿಸಿದೆ. ಉಚಿತವಾದವು ಮೂರು ಸಿಕ್ಕವು. ಮೊದಲನೆಯದು ಕಂಪ್ಯೂಟರಿನಲ್ಲಿದ್ದ ಜಾಗವನ್ನೆಲ್ಲ ಕೇಳಿತು. ಎರಡನೆಯದು ರಕ್ತದ ಗುಂಪೊಂದು ಬಿಟ್ಟು ನನ್ನ ಸಕಲ ವಿವರ ಕೇಳಿತು. ಮೂರನೆಯದು ಏನೂ ಕೇಳಲಿಲ್ಲ. ಅದನ್ನೇ ಆರಿಸಿದೆ. (ಅಳಿಯನನ್ನು ಆರಿಸುವಾಗ ಮಾವನವರೂ ಹೀಗೇ ಮಾಡಿದರೆಂದು ಹೆಂಡತಿಯ ದೂರು.)

ಅದನ್ನು ಕಂಪ್ಯೂಟರಿನಲ್ಲಿ ಕೂರಿಸಿ, ಹೆಸರು ಹಿಡಿದು ಕರೆದರೆ, ಅಂಥವರು ಇಲ್ಲಿ ಯಾರೂ ಇಲ್ಲ ಎಂದಿತು ಯಂತ್ರ. ಅಳಿಸಿ ಮತ್ತೆ ಕೂರಿಸಿದೆ. ಮೂರು ಸಲ. ಔಷಧದ ಪೆಟ್ಟಿಗೆಯನ್ನೂ ಕೊನೆಯ ಸಾಲಿನವರೆಗೆ ಓದುವ ಹೆಂಡತಿ ಅಷ್ಟರಲ್ಲಿ ಸೂಚನೆಯ ಪುಟ ಮುಗಿಸಿದ್ದಳು.

"ರೀ, ಅದು ಯಾವ ಫೋಲ್ಡರಲ್ಲಿದೆ ಅಂತ ಕಂಪ್ಯೂಟರಿಗೆ ಹೇಳ್ಬೇಕಂತೆ. ಕೊನೇ ಸಾಲಲ್ಲಿದೆ."

"ಪಂದ್ಯದಲ್ಲಿ ಕೈ ಅಂತ ಇತ್ತು, ಬಾಯಿ ಅಂತ ಇರ್ಲಿಲ್ಲ. ಇದು ಲೆಕ್ಕಕ್ಕಿಲ್ಲ," ಎಂದು ನನ್ನ ಆತ್ಮಸಾಕ್ಷಿಗೂ ಅವಳಿಗೂ ಒಟ್ಟಿಗೇ ಹೇಳಿ, ಫೋಲ್ಡರಿನ ವಿಳಾಸವನ್ನು ನಾನೇ ಒತ್ತಿದೆ.

ಭಾನುವಾರ ಸಂಜೆ, ನನ್ನ ಆರು ಸಾಲಿನಲ್ಲಿ ಇಪ್ಪತ್ತಮೂರು ತಪ್ಪುಗಳಿವೆ ಎಂದಿತು ಕಂಪೈಲರ್. ಅವಳು ಕೂಡ ಈ ದರದಲ್ಲಿ ಹಿಡಿದವಳಲ್ಲ.

"ತಪ್ಪು ಒಂದೇ ಕಣ್ರೀ," ಎಂದಳು ಬೆನ್ನ ಹಿಂದಿನಿಂದ. "ಮೂರನೇ ಸಾಲಿನ ಕೊನೇಲಿ ಅರ್ಧವಿರಾಮ ಬಿಟ್ಟಿದ್ದೀರಿ. ಮಿಕ್ಕಿದ್ದೆಲ್ಲ ಅದರ ಸಂಸಾರ."

ಮತ್ತೆ ಬಾಯಿ, ಲೆಕ್ಕಕ್ಕಿಲ್ಲ. ನನ್ನ ಬೆರಳಿನಿಂದಲೇ ಅರ್ಧವಿರಾಮ ಒತ್ತಿದೆ. ಓಡಿತು. ಪರದೆಯ ಮೇಲೆ ನನ್ನ ಸ್ವಾತಂತ್ರ್ಯ ಘೋಷಣೆ ಮೂಡಿತು: "ನನಗೆ ಯಾರ ತಿದ್ಧುಪಡಿಯೂ ಬೇಡ."

ಅವಳು ಸೋಲೊಪ್ಪಿಕೊಂಡು ಪೆನ್ನಿಗೆ ಮುಚ್ಚಳ ಹಾಕಿದಳು.

"ಆ 'ದ್ಧು'ನ ಕಂಪೈಲರ್ ಹಿಡಿದಿಲ್ಲ ಪಾಪ. ಉಚಿತದ್ದಲ್ವಾ?"

ಮರುದಿನ ಅಂಕಣ ಕಳಿಸಬೇಕಿತ್ತು. ನಾನೇ ಪೆನ್ನಿನ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದೆ.

"ಪಂದ್ಯ ಅಂದ್ರೆ ಪಂದ್ಯ. ನಾನು ಮುಟ್ಟಲ್ಲ. ಹೇಳ್ತೀನಿ, ನೀವೇ ತಿದ್ಕೊಳ್ಳಿ."

ಈಗ ಕೆಂಪು ಪೆನ್ನು ನನ್ನ ಕೈಯಲ್ಲೇ ಇದೆ. ಬಾಯಿ ಮಾತ್ರ ಅವಳದು.