ನಮ್ಮ ಮಾವನವರ ಅಕ್ಷರಗಾಡಿ

ನಮ್ಮ ಮನೆಯಲ್ಲಿ ನಡುಮನೆಯಿಂದ ಅಡುಗೆಮನೆಗೆ ಹೋಗಬೇಕಾದರೆ ಹಸಿರು ಬಾವುಟ ಏಳಬೇಕು. ನಂಬುವುದಿಲ್ಲವೇ? ನಮ್ಮೂರು ವಾಡಿಗೆ ಬನ್ನಿ, ನೀವೇ ನೋಡಿ. ಅವಸರದಲ್ಲಿ ಮಾತ್ರ ಬರಬೇಡಿ! ಬಾವುಟ ಹಿಡಿದವರು ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ. ಜೀವಮಾನವಿಡೀ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ರೈಲ್ವೆಯವರು ಹಾರ ಹಾಕಿ, ಶಾಲು ಹೊದಿಸಿ, ಇನ್ನು ಮನೆಗೆ ಹೋಗಿ ಎಂದರು. ಇವರು ಮನೆಗೆ ಬಂದರು, ಡ್ಯೂಟಿಯ ಮೇಲೆ.

ಅತ್ತೆ ಇದ್ದಿದ್ದರೆ ಹತೋಟಿಯಲ್ಲಿ ಇಡುತ್ತಿದ್ದರೇನೋ. ಈಗ ಆ ಹೊಣೆ ನನ್ನದು. ನಾನು ಚಿತ್ತಾಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅಲ್ಲಿ ಹತ್ತು ಜನ ನನ್ನ ಮೇಜಿನ ಮುಂದೆ ಕಾಯುತ್ತಾರೆ. ಮನೆಯಲ್ಲಿ ನಾನೇ ಬಾವುಟ ಕಾಯುತ್ತೇನೆ.

ಇಷ್ಟಕ್ಕೆಲ್ಲ ಕಾರಣ ನನ್ನ ಮಗಳು. ಐದು ತುಂಬಿದೆ. ಬಾಯಿ ಊರಗಲ. ಆದರೆ ಪಾಟಿ, ಬಳಪ ಕಂಡರೆ ಸಾಕು, ಎರಡೂ ಕೈ ಬೆನ್ನ ಹಿಂದೆ! ಹೋದ ವರ್ಷ ಒಬ್ಬರ ಮನೆಯಲ್ಲಿ ನಡೆಯುತ್ತಿದ್ದ ಶಿಶುವಿಹಾರಕ್ಕೆ ನಾಲ್ಕು ತಿಂಗಳು ಹೋಗಿ ಬಂದಮೇಲೆ ಹೀಗಾಯಿತು. ಯಾಕೆ ಎಂದು ಕೇಳಿದರೆ ಹೇಳುವುದಿಲ್ಲ. ಚಾಕಲೇಟಿನ ಲಂಚ ಕೊಟ್ಟೆ. ಚಾಕಲೇಟಿಗೆ ಒಂದು ಕೈ ಮುಂದೆ ಬಂತು, ಬಳಪ ಕಂಡಕೂಡಲೇ ಚಾಕಲೇಟಿನ ಸಮೇತ ಹಿಂದಕ್ಕೆ ಹೋಯಿತು. ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿಸಬೇಕು, ಮಗು ಒಂದು ಗೆರೆ ಎಳೆಯುವುದಿಲ್ಲ. ನನಗೆ ಊಟ ಸೇರದಂತಾಯಿತು. ಮಾವನವರು ಒಂದು ದಿನ ಪಾಟಿಯನ್ನು ಎತ್ತಿ ಅಟ್ಟಕ್ಕೆ ಹಾಕಿದರು.

“ಇದರ ಸುದ್ದಿ ತಗೀಬ್ಯಾಡವಾ. ಕೂಸಿನ್ನ ನನಗ ಬಿಡು” ಎಂದರು.

ಬಿಟ್ಟೆ. ಮನೆ ಜಂಕ್ಷನ್ ಆಯಿತು.

ನಮ್ಮ ಕಡೆ ನೆಲವೆಂದರೆ ಶಹಾಬಾದ್ ಕಲ್ಲು, ಚೌಕ ಚೌಕ ಫರಸಿ. ಮಾವನವರು ಸುಣ್ಣ ಕಲಸಿಕೊಂಡು ಒಂದೊಂದು ಫರಸಿಗೆ ಒಂದೊಂದು ಅಕ್ಷರ ಬರೆದರು. ಮುಂಬಾಗಿಲಲ್ಲಿ ‘ಅ’, ಹಿತ್ತಲ ಬಾಗಿಲಲ್ಲಿ ‘ಳ’. ಸ್ವರಗಳೆಲ್ಲ ಪ್ಯಾಸೆಂಜರ್ ಲೈನು, ವ್ಯಂಜನಗಳೆಲ್ಲ ಗೂಡ್ಸ್ ಲೈನು. ಮಗಳು ಎಂಜಿನ್, ಇವರು ಗಾರ್ಡ್, ಉಳಿದವರು ಡಬ್ಬಿಗಳು. ಫರಸಿಯ ಮೇಲೆ ಕಾಲಿಟ್ಟವರು ಆ ಅಕ್ಷರವನ್ನು ಕೂಗಲೇಬೇಕು, ತಪ್ಪಿದರೆ ಸೀಟಿ! ಬೆಳಗಾಗೆದ್ದು ನನ್ನ ಗಂಡ ಹೊಟ್ಟೆ ಹಿಡಿದುಕೊಂಡು “ಟ, ಠ, ಡ, ಢ” ಎಂದು ಕೂಗುತ್ತ ಹಿತ್ತಲಿಗೆ ಓಡುವುದನ್ನು ಕೇಳಿದ ನೆರೆಹೊರೆಯವರು ಏನು ತಿಳಿದುಕೊಂಡರೋ, ಕೇಳುವ ಧೈರ್ಯ ನನಗಿಲ್ಲ.

ಸೇಡಂನಿಂದ ನಮ್ಮವ್ವ ಬಂದಳು. ಮೊಣಕಾಲು ನೋವಿನವಳು, ಕೈಯಲ್ಲಿ ತುಂಬಿದ ಚೀಲ. ಹೊಸ್ತಿಲು ದಾಟಿ ‘ಈ’ ತನಕ ಬಂದಿದ್ದಳಷ್ಟೆ, ಕೆಂಪು ಬಾವುಟ ಎದ್ದಿತು. ಒಳಗಿನಿಂದ ಎದುರು ಗಾಡಿ ಬರುತ್ತಿದೆಯಂತೆ. ಆ ಎದುರು ಗಾಡಿ ಯಾವುದು? ಹಾಲಿನ ಪಾತ್ರೆ ಹಿಡಿದ ನಾನು!

“ಬೀಗರ, ಕುಂದರ್ಲಿಕ್ಕರೆ ಬಿಡ್ರಿ” ಎಂದಳು ಅವ್ವ.

“ಲೈನ್ ಕ್ಲಿಯರ್ ಇಲ್ರಿ. ಜರಾ ಔಟರ್‌ನ್ಯಾಗ ನಿಂದ್ರಬೇಕ್ರಿ” ಎಂದರು ಇವರು, ಭಾಳ ಮರ್ಯಾದೆಯಿಂದ.

ಅವ್ವ ಸಿಟ್ಟಾಗಿ ಬಂದ ದಾರಿಗೆ ಸುಂಕವಿಲ್ಲದಂತೆ ಹೊರಟುಬಿಡುತ್ತಾಳೆಂದು ನಾನು ಹೆದರಿದೆ. ಅವಳು ಚೀಲ ಇಳಿಸಿ, ಅದರಿಂದ ಹುರಿದ ಶೇಂಗಾ ತೆಗೆದು, ನಿಂತಲ್ಲೇ ರಾಗವಾಗಿ ಕೂಗಿ ಮಾರತೊಡಗಿದಳು. ಗಾಡಿ ಸ್ಟೇಷನ್ನಿನ ಹೊರಗೆ, ಔಟರ್ ಸಿಗ್ನಲ್ಲಿನಲ್ಲಿ ನಿಂತರೆ ಶೇಂಗಾದವರು ಬರಲೇಬೇಕಲ್ಲ! ಮೊದಲ ಗಿರಾಕಿ ಗಾರ್ಡ್ ಸಾಹೇಬರೇ.

ಆಮೇಲೆ ಸವಾರಿ ಅಡುಗೆಮನೆಗೆ ಬಂತು. ರೊಟ್ಟಿಯೂ ಅಕ್ಷರವಾಗಬೇಕಂತೆ. ಜೋಳದ ಹಿಟ್ಟು ಚಪಾತಿ ಹಿಟ್ಟಿನಂತಲ್ಲ, ಬಳುಕಿಸಿದರೆ ಮುರಿಯುತ್ತದೆ. ‘ರ’, ‘ಠ’ ಪರವಾಗಿಲ್ಲ, ದುಂಡಗಿವೆ. ‘ಙ’, ‘ಞ’ ಬಡಿಯುವಷ್ಟರಲ್ಲಿ ನನ್ನ ಸೊಂಟವೇ ಆ ಆಕಾರಕ್ಕೆ ಬಂತು. ಮಗಳು ಉಳಿದ ಅಕ್ಷರಗಳನ್ನೆಲ್ಲ ತಿಂದಳು, ಆ ಎರಡನ್ನು ಮಾತ್ರ ಮುಟ್ಟಲಿಲ್ಲ. ಅವು ದಿನಾ ಸಿಮೆಂಟ್ ಕಾರ್ಖಾನೆಗೆ ಹೋಗುವ ನನ್ನ ಗಂಡನ ಡಬ್ಬಿಗೆ ಬಿದ್ದವು. ಅಲ್ಲಿ ಜೊತೆಗೆ ಉಣ್ಣುವ ಬಿಹಾರದ ಗೆಳೆಯರು, ಇದು ಕನ್ನಡದವರ ಯಾವುದೋ ವ್ರತವೆಂದು ತಿಳಿದು, ಮುಗಿಯುವುದು ಯಾವಾಗ ಎಂದು ಕನಿಕರದಿಂದ ಕೇಳಿದರಂತೆ.

ಮನೆ ಸಾಲದೆ ಮಾವನವರು ಊರಿಗೆ ಇಳಿದರು. ವಾಡಿಯಲ್ಲಿ ನಿಂತ ಗಾಡಿಯ ಮೇಲೆಲ್ಲ ಸಿಮೆಂಟಿನ ಬೂದಿಬಣ್ಣದ ಧೂಳು ಕೂರುತ್ತದೆ. ಇಷ್ಟು ದೊಡ್ಡ ಪಾಟಿ ಯಾರಿಗುಂಟು? ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟು, ಓಣಿಯ ಸ್ಕೂಟರು, ಆಟೊ, ಕಾರುಗಳ ಮೇಲೆಲ್ಲ ಬೆರಳಿನಿಂದ ಆ ದಿನದ ಅಕ್ಷರ ಬರೆಯುವರು. ಅವಳು ಮೇಲಿನಿಂದ ಕೂಗುವಳು. ಒಂದು ಸಂಜೆ ಪಕ್ಕದ ಮನೆಯ ಚಾಚಾ ಮುಖ ಗಂಟಿಕ್ಕಿಕೊಂಡು ಬಂದರು. ಅವರದು ಹೊಸ ಕಾರು, ದಿನಾ ಒರೆಸುತ್ತಾರೆ. ಜಗಳ ಬಂತೆಂದು ನಾನು ಚಹಾಕ್ಕಿಟ್ಟೆ.

“ಗಾರ್ಡ್ ಸಾಬ್, ಇದ್ಯಾವ ಇನ್ಸಾಫ್‌ರಿ? ಎಲ್ಲಾರ ಗಾಡಿ ಮ್ಯಾಲ ಬರೀತೀರಿ. ನಮ್ದು ಸಾಫ್ ಅದ ಅಂತ ಬಿಟ್ಟೇ ಬಿಟ್ರ್ಯಾ?”

ಮರುದಿನದಿಂದ ಚಾಚಾ ಕಾರು ಒರೆಸುವುದನ್ನೇ ನಿಲ್ಲಿಸಿದರು.

ನಕ್ಕು ನಕ್ಕು ಸಾಕಾಯಿತು, ನಿಜ. ಮಗಳು ಅಂಗಡಿಯ ಬೋರ್ಡು, ಲಾರಿಯ ಹಿಂಭಾಗ, ಏನು ಕಂಡರೂ ಅಕ್ಷರ ಹೆಕ್ಕಿ ಓದತೊಡಗಿದಳು. ಆದರೆ ಬರಹ? “ನೀನೊಂದು ಬರಿ” ಎಂದರೆ ಕೈ ಬೆನ್ನ ಹಿಂದೆ. ಬೇಸಿಗೆ ಮುಗಿಯುತ್ತ ಬಂದಿತ್ತು. ನಾನು ಮಾವನವರ ಮುಂದೆ ಗೊಣಗಿದೆ. ಗಾಡಿ ಲೇಟಾಗಿದೆ, ರದ್ದಾಗಿಲ್ಲ ಎಂದು ಅವರು ಸಮಾಧಾನ ಹೇಳಿದರು.

ಅಷ್ಟರಲ್ಲಿ ಅವರ ಕಣ್ಣಿನ ಪೊರೆ ಬಲಿತಿತ್ತು. ಕಲಬುರಗಿಗೆ ಕರೆದೊಯ್ದು ಒಂದು ಕಣ್ಣಿನ ಆಪರೇಷನ್ ಮಾಡಿಸಿದೆವು. ಆ ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣಿಗೂ ಪೊರೆ. ಊರಿಗೆಲ್ಲ ಸೀಟಿ ಊದುತ್ತಿದ್ದವರು ಮಂಚದ ಮೇಲೆ ಗೋಡೆಗೆ ಒರಗಿ ಸುಮ್ಮನೆ ಕೂತರು. ದೃಷ್ಟಿ ಬರುತ್ತದೆ ಹೌದಲ್ಲ ಎಂದು ಮತ್ತೆ ಮತ್ತೆ ಕೇಳಿದರು. ನಾನು ‘ಕ’ ಫರಸಿಯ ಮೇಲೆ ನಿಂತು, ಹೋಗಲೇನು ಮಾವ ಎಂದೆ. “ಹೋಗವಾ” ಎಂದರಷ್ಟೆ. ಬಾವುಟವಿಲ್ಲದೆ ಅಡುಗೆಮನೆಗೆ ಹೋಗಲು ನನಗೆ ಕಾಲೇ ಏಳಲಿಲ್ಲ.

ಮಗಳು ಬಹಳ ಹೊತ್ತು ಅವರನ್ನೇ ನೋಡುತ್ತಿದ್ದಳು. ಆಮೇಲೆ ಮಂಚ ಹತ್ತಿ, ಅವರ ಅಂಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಅದರ ಮೇಲೆ ತೋರುಬೆರಳಿನಿಂದ ಬರೆದಳು.

“ಯಾವ್ದು ಹೇಳು, ಮುತ್ಯಾ?” ಎಂದು ಅಜ್ಜನನ್ನು ಕೇಳಿದಳು.

‘ಅ’ ಬರೆದಿದ್ದಳು. ಸರಿಯಾಗಿ, ದುಂಡಗೆ. ಮಾವನವರು ಏನೋ ಒಂದು ಹೇಳಿದರು, ತಪ್ಪು ಹೇಳಿದರು. ಬೇಕೆಂದೇ ಹೇಳಿದರೋ, ತಿಳಿಯದೆ ಹೇಳಿದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಫ್ರಾಕಿನ ಅಂಚಿನಿಂದ ಅವರ ಅಂಗೈ ಒರೆಸಿದಳು.

“ತಪ್ಪಾತು. ಅಂಜಬ್ಯಾಡ ಮುತ್ಯಾ, ನಾ ಬೆರಳಿನ ಮ್ಯಾಲ ಹೊಡಿಯಂಗಿಲ್ಲ.”

ಶಿಶುವಿಹಾರದಲ್ಲಿ ಏನಾಯಿತೆಂದು ವರ್ಷವಿಡೀ ಕೇಳಿದರೂ ನಮಗೆ ಹೇಳದ ಮಾತು ಅದು. ಹೊಡೆದವರು ಯಾರು, ಯಾವಾಗ ಎಂದು ಮಾವನವರು ಒಂದನ್ನೂ ಕೇಳಲಿಲ್ಲ. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದರು, ತುಟಿಗೆ ಒತ್ತಿಕೊಂಡರು. ಆಮೇಲೆ ಮತ್ತೆ ಅಂಗೈ ಚಾಚಿದರು.

“ಇನ್ನೊಮ್ಮೆ ಬರಿಯವಾ. ನನಗ ಕಲೀಲಿಕ್ಕ ತಡಾ ಆಗ್ತದ.”

“ಆಗ್ಲಿ ತಗೋ” ಎಂದು ಅವಳು ಮತ್ತೆ ಬರೆಯತೊಡಗಿದಳು.