ಹನ್ನೊಂದು ವರ್ಷದ ಹಾಡು

ಎಲ್ಲ ಶುರುವಾದದ್ದು ಒಂದು ಕೆಮ್ಮಿನಿಂದ. ಅದೂ ದೊಡ್ಡ ಕೆಮ್ಮಲ್ಲ, ಬೆಳಗ್ಗೆ ಹಲ್ಲುಜ್ಜುವಾಗ ಬಂದ ಒಂದೇ ಒಂದು ಬಡಪಾಯಿ ಕೆಮ್ಮು. ಆದರೆ ಸಂಜೆ ನಾಲ್ಕಕ್ಕೆ ಸಿನಿಮಾ ಡೈರೆಕ್ಟರು ಹಾಡು ಕೇಳಲು ಆಲ್‌ರೌಂಡರನ ಮನೆಗೇ ಬರುವವರಿದ್ದರು.

ಆಲ್‌ರೌಂಡರ್ ಎಂದು ಹೆಸರಿಟ್ಟವರು ಬೀದಿಯ ಜನ. ಸಿನಿಮಾದವರಿಗೆ ಅವನು ಡ್ರೆಸ್ ಹೊಲಿಯುವವ, ಫ್ಯಾಷನ್ ಶೋದವರಿಗೆ ಕ್ಲಬ್ಬಿನ ಡಿಜೆ, ಕ್ಲಬ್ಬಿನವರಿಗೆ ಸಿನಿಮಾದವ. ಎಲ್ಲರಿಗೂ ನೆಂಟ, ಯಾರಿಗೂ ಮನೆಮಗನಲ್ಲ. ಸಂಗೀತಗಾರ ಎಂದು ಮಾತ್ರ ಒಬ್ಬರೂ ಕರೆದಿರಲಿಲ್ಲ. ಅವನಿಗೋ ಬೇಕಾಗಿದ್ದದ್ದು ಅದೊಂದೇ. ಪರದೆಯ ಮೇಲೆ ‘ಸಂಗೀತ’ ಎಂದು ಮೂಡಬೇಕು, ಅದರ ಕೆಳಗೆ ತನ್ನ ಹೆಸರಿರಬೇಕು. ಆ ಆಸೆಗೆ ಹನ್ನೊಂದು ವರ್ಷದಿಂದ ಒಂದೇ ಹಾಡನ್ನು, ಹೊಲಿದ ಅಂಗಿಯನ್ನು ಬಿಚ್ಚಿ ಬಿಚ್ಚಿ ಹೊಲಿಯುವ ಹಾಗೆ, ತಿದ್ದುತ್ತಲೇ ಬಂದಿದ್ದ.

“ಅಕ್ಕಾ, ಗಂಟಲು ಸ್ವಲ್ಪ ಕೆರೀತಿದೆ,” ಎಂದದ್ದೇ ತಪ್ಪಾಯಿತು. ಅಕ್ಕ ಬಿಸಿ ಉಪ್ಪುನೀರು ಹಿಡಿದು ಓಡಿಬಂದಳು. ಸುದ್ದಿ ಮೆಟ್ಟಿಲಿಳಿದು ಓನರಮ್ಮನನ್ನು ಮುಟ್ಟಿತು. ಅವರು ಕುದಿಯುವ ನೀರಿನ ಪಾತ್ರೆಯ ಸಮೇತ ಮೇಲೆ ಬಂದರು.

“ತಲೆ ಬಗ್ಗಿಸಪ್ಪ. ಇನ್ನೂ ಬಗ್ಗಿಸು. ಹಬೆ ಎಳಕೋ!”

“ಅಮ್ಮಾ, ಸುಡ್ತಿದೆ!”

“ಸುಟ್ರೆ ತಾನೇ ಕೆಲಸ ಮಾಡೋದು?”

ಎದುರು ಮನೆಯ ಕಾಂಪೌಂಡರ್ ಸುಮ್ಮನಿರುತ್ತಾನೆಯೇ? “ಇವೆಲ್ಲ ಹಳೇ ಕಾಲದ್ದು, ಬಾಯಿ ತೆಗಿ,” ಎಂದು ಕಂದು ಬಾಟಲಿಯಿಂದ ಏನನ್ನೋ ಗಂಟಲಿಗೆ ಬಳಿದ. ಮಧ್ಯಾಹ್ನದ ಹೊತ್ತಿಗೆ ಕೆಮ್ಮು ಹೋಗಿತ್ತು. ಜೊತೆಗೆ ದನಿಯೂ ಹೋಗಿತ್ತು. ಬಾಯಿ ತೆರೆದರೆ ಪಂಕ್ಚರಾದ ಟ್ಯೂಬಿನಂತೆ ಬರೀ ಗಾಳಿ.

ಡೈರೆಕ್ಟರು ರೆಕಾರ್ಡಿಂಗ್ ಕೇಳುವ ಪೈಕಿಯವರಲ್ಲ. ಎದುರು ಕೂತು ಹಾಡಬೇಕು, ಇಲ್ಲವಾದರೆ ಬೇಡ. ಆಲ್‌ರೌಂಡರ್ ತಲೆಯ ಮೇಲೆ ಕೈಹೊತ್ತು ಕೂತ.

“ಅಳ್ಬೇಡ್ವೋ,” ಎಂದಳು ಅಕ್ಕ. “ನೀನು ಕೀಬೋರ್ಡ್ ನುಡಿಸು, ನಾವು ಹಾಡ್ತೀವಿ. ದಿನಾ ಕೇಳಿ ಕೇಳಿ ನಮಗೆ ಬಾಯಿಪಾಠ ಆಗಿಲ್ವಾ?”

ನಾಲ್ಕಕ್ಕೆ ಡೈರೆಕ್ಟರು ಬಂದು ಕೂತರು. ಇವನು ಕೀಬೋರ್ಡ್ ಮುಟ್ಟಿದ. ಅಕ್ಕ ಹಾಡು ಎತ್ತಿಕೊಂಡಳು, ಓನರಮ್ಮ ಸೇರಿದರು, ಕಾಂಪೌಂಡರ್ ತೊಡೆ ತಟ್ಟಿ ತಾಳ ಹಾಕಿದ. ಆಮೇಲೆ ಕಿಟಕಿಯಾಚೆ ಬಟ್ಟೆ ಒಣಗಿಸುತ್ತಿದ್ದವಳೂ, ಮೆಟ್ಟಿಲು ಗುಡಿಸುತ್ತಿದ್ದವನೂ ಒಂದು ಪದ ತಪ್ಪದೆ ದನಿಗೂಡಿಸಿದರು. ಒಬ್ಬನೇ ಕೂತು ಕಟ್ಟಿದ್ದು ಇಷ್ಟು ಜನರ ಬಾಯಲ್ಲಿ ಕೇಳಿ ಆಲ್‌ರೌಂಡರನ ಕಣ್ಣು ತುಂಬಿತು. ಡೈರೆಕ್ಟರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಇದೇ ನನ್ನ ಸಿನಿಮಾದ ಹಾಡು! ಅಲ್ಲಾ, ನಿಮಗೆಲ್ಲ ಇದು ಯಾವಾಗಿಂದ ಗೊತ್ತು?”

“ಅಯ್ಯೋ, ಯಾವಾಗಿಂದ ಅಂತ ಹೇಳೋದು!” ಓನರಮ್ಮ ಹೆಮ್ಮೆಯಿಂದ ಮುಂದೆ ಬಂದರು. “ನನ್ನ ಮೊಮ್ಮಗಳು ಕೂಸಿದ್ದಾಗಿಂದ ಇದನ್ನ ಕೇಳ್ಕೊಂಡೇ ಮಲಗಿದ್ದು. ಈಗ ಅವಳು ಐದನೇ ಕ್ಲಾಸು.”

“ನಮ್ಮ ಕ್ಲಿನಿಕ್ಕಲ್ಲಿ ಪೇಷೆಂಟುಗಳೂ ಗುನುಗ್ತಾರೆ ಸಾರ್,” ಎಂದ ಕಾಂಪೌಂಡರ್.

ಡೈರೆಕ್ಟರು ತಲೆದೂಗಿದರು. “ಅದಕ್ಕೇ ಮತ್ತೆ. ಇಂಥ ಹಳೇ ಹಾಡು ಈಗಿನವರ ಕೈಲಿ ಕಟ್ಟೋಕಾಗಲ್ಲ. ಟೈಟಲ್ಲಲ್ಲಿ ‘ಸಂಗೀತ’ ಅನ್ನೋ ಕಡೆ ‘ಸಾಂಪ್ರದಾಯಿಕ’ ಅಂತ ಹಾಕೋಣ.”

ಆಲ್‌ರೌಂಡರ್ ಎದ್ದು ಎದೆ ತಟ್ಟಿಕೊಂಡು ಬಾಯಿಬಿಟ್ಟ. ಗಾಳಿ ಬಂತು.

“ಹಾಡು ಇವನದ್ದೇ ಸಾರ್!” ಅಕ್ಕ ಕೂಗಿದಳು.

“ಇರಲಮ್ಮ. ನಮ್ಮಜ್ಜಿಯೂ ಎಲ್ಲ ಹಾಡು ತನ್ನದೇ ಅಂತಿದ್ರು. ಒಳ್ಳೇ ಹಾಡಂದ್ರೆ ಹಾಗೇ.” ಡೈರೆಕ್ಟರು ಇವನ ಭುಜ ತಟ್ಟಿದರು. “ಹುಡುಕಿ ಕೊಟ್ಟೆಯಲ್ಲ, ಸಾಕು. ಡ್ರೆಸ್ಸೆಲ್ಲ ಎಂದಿನಂತೆ ನಿಂದೇ. ಮೊದಲ ಶೋಗೆ ನನಗೂ ಒಂದು ಕೋಟು ಬೇಕು, ಅಳತೆ ತಗೊಂಡುಬಿಡು.”

ಅವರು ಕೈ ಎತ್ತಿ ನಿಂತರು. “ಇದನ್ನ ಕಟ್ಟಿದ ಪುಣ್ಯಾತ್ಮ ಯಾರೋ ಏನೋ. ಬದುಕಿದ್ದಿದ್ರೆ ಒಂದ್ಸಲ ನೋಡ್ಬೇಕಿತ್ತು,” ಎಂದು ನಿಟ್ಟುಸಿರಿಟ್ಟು, ಕಣ್ಣುಮುಚ್ಚಿ ಗುನುಗತೊಡಗಿದರು. ಆಲ್‌ರೌಂಡರ್ ಅವರ ಎದೆಗೆ ಅಳತೆಯ ಟೇಪು ಸುತ್ತಿದ. ಆ ಎದೆಯೊಳಗೆ ತನ್ನ ಹಾಡು ಸಣ್ಣಗೆ ಮಿಡಿಯುವುದು ಬೆರಳಿಗೆ ತಾಕಿತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು, ನಲವತ್ತೆರಡು ಇಂಚು ಎಂದು ಬರೆದುಕೊಂಡ.