ಕಂಪ್ರೆಸರಿನ ಏಳನೆಯ ನಂಬರು

ಎಪ್ಪತ್ತೆಂಟನೆಯ ಇಸವಿ, ಮೇ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ, ಬೆಟಗೇರಿಯ ಬರ್ಫಿನ, ಅಂದರೆ ಮಂಜುಗಡ್ಡೆಯ, ಕಾರ್ಖಾನೆ. ಹಾಜರಿದ್ದವರು: ಮೇಲ್ವಿಚಾರಕನಾದ ನಾನು, ಯಂತ್ರ ನಡೆಸುವ ಮಾಬುಸಾಬರು, ಬರ್ಫಿನ ಗಡ್ಡೆ ಎತ್ತುವ ಫಕೀರಪ್ಪ ಮತ್ತು ಕಂಪ್ರೆಸರು. ಕಂಪ್ರೆಸರನ್ನು ಹಾಜರಿಯಲ್ಲಿ ಸೇರಿಸಿದ್ದಕ್ಕೆ ನೀವು ನಗಬಾರದು. ನಮ್ಮ ನಾಲ್ವರಲ್ಲಿ ಒಂದು ದಿನವೂ ರಜೆ ಕೇಳದೆ, ಹಗಲೂ ರಾತ್ರಿ ದುಡಿಯುತ್ತಿದ್ದುದು ಅದೊಂದೇ.

ಶಿಸ್ತು ಕೂಡ ಒಂದು ಚಟ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. ತಂಬಾಕು ತಿನ್ನುವವನಿಗೆ ಹತ್ತು ಜನ ಬುದ್ಧಿ ಹೇಳುತ್ತಾರೆ. ಚಹಾ ಹೆಚ್ಚು ಕುಡಿಯುವವನಿಗೆ ಡಾಕ್ಟರು ಹೇಳುತ್ತಾರೆ. ಶಿಸ್ತಿನ ಚಟದವನಿಗೆ ಮಾತ್ರ ಊರೆಲ್ಲ ಶಹಬ್ಬಾಸ್ ಎನ್ನುತ್ತದೆ, ಅವನು ಇನ್ನಷ್ಟು ಹಾಳಾಗುತ್ತಾನೆ. ನಾನು ಹತ್ತು ವರ್ಷ ಬೆಳೆದದ್ದು ಗಂಟೆಯ ಮೇಲೆ ನಡೆಯುವ ಹಾಸ್ಟೆಲ್ಲಿನಲ್ಲಿ. ಏಳಲು ಗಂಟೆ, ಹಲ್ಲುಜ್ಜಲು ಗಂಟೆ, ಓದಲು ಗಂಟೆ, ಓದುವುದನ್ನು ನಿಲ್ಲಿಸಲು ಇನ್ನೊಂದು ಗಂಟೆ. ಅಲ್ಲಿ ನನಗೆ ಹಚ್ಚಿದ ಕೆಲಸ ಪ್ರತಿದಿನ ಬೆಳಿಗ್ಗೆ ನಳಗಳು ಸೋರದಂತೆ ಬಿಗಿ ಮಾಡುವುದು. ಹಾಸ್ಟೆಲ್ಲು ಬಿಟ್ಟರೂ ಬಿಗಿ ಮಾಡುವುದು ನನ್ನನ್ನು ಬಿಡಲಿಲ್ಲ. ಮನೆಯಲ್ಲಿ ನಳ, ಲಾಟೀನಿನ ತಿರುಪು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ, ಯಾವುದನ್ನೂ ನಾನು ಹಾಗೆಯೇ ಬಿಟ್ಟವನಲ್ಲ. "ನೀವು ಮುಚ್ಚಿದ ಬಾಟಲಿ ತೆಗಿಯಾಕ ನಾ ದಿನಾ ಗರಡಿಮನಿಯಿಂದ ಪೈಲವಾನನ್ನ ಕರಸಬೇಕೇನ್ರಿ?" ಎಂದು ನನ್ನ ಹೆಂಡತಿ ಕೇಳುತ್ತಿದ್ದಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದಿದ್ದೆ.

ಕಂಪ್ರೆಸರಿನ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದು ಅಮೋನಿಯಾ ಅನಿಲವನ್ನು ಹಿಂಡುತ್ತದೆ. ಹಿಂಡಿಸಿಕೊಂಡು ಬಿಸಿಯಾದ ಅನಿಲ ನೀರಿನ ಕೊಳವೆಗಳಲ್ಲಿ ತಣಿದು, ದ್ರವವಾಗಿ, ಉಪ್ಪುನೀರಿನ ತೊಟ್ಟಿಯ ಸುತ್ತ ಹರಿದು, ಅಲ್ಲಿಯ ಬಿಸಿಯನ್ನೆಲ್ಲ ಹೀರಿಕೊಂಡು ಮತ್ತೆ ಅನಿಲವಾಗಿ ಹಿಂಡಿಸಿಕೊಳ್ಳಲು ಬರುತ್ತದೆ. ತೊಟ್ಟಿಯಲ್ಲಿ ಸಾಲಾಗಿ ಇಳಿಬಿಟ್ಟ ಡಬ್ಬಗಳಲ್ಲಿ ಸಿಹಿನೀರು ಬರ್ಫಾಗುತ್ತದೆ. ಇಷ್ಟರಲ್ಲಿ ಒಂದೇ ಒಂದು ನಾಜೂಕಿನ ಜಾಗ ಇದೆ. ತಿರುಗುವ ದಂಡ ಕಂಪ್ರೆಸರಿನ ಒಡಲಿನಿಂದ ಹೊರಗೆ ಬರುವಲ್ಲಿ ಅನಿಲವೂ ಜೊತೆಗೆ ಹೊರಗೆ ಬರಬಾರದು. ಅದಕ್ಕೆ ಅಲ್ಲಿ ಎಣ್ಣೆಯಲ್ಲಿ ನೆನೆಸಿದ ಹುರಿಯ ಬಳೆಗಳನ್ನು ತೊಡಿಸಿ, ಮೇಲಿನಿಂದ ಎರಡು ನಟ್ಟುಗಳಿಂದ ಒತ್ತಿ ಹಿಡಿದಿರುತ್ತಾರೆ. ಅದೇ ಗ್ಲ್ಯಾಂಡು. ಸಂಕ್ರಾಂತಿಯ ಮುಂದೆ ಮಾಬುಸಾಬರು ಹೊಸ ಹುರಿ ಹಾಕಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಆರು ಹತ್ತಕ್ಕೆ ನಾನು ಪಾನಾ ಹಿಡಿದು ಆ ನಟ್ಟುಗಳನ್ನು ಸ್ವಲ್ಪ, ಗಡಿಯಾರದ ದೊಡ್ಡ ಮುಳ್ಳು ಒಂದು ನಿಮಿಷ ಸರಿಯುವಷ್ಟು ಮಾತ್ರ, ಬಿಗಿ ಮಾಡುತ್ತಿದ್ದೆ. ಸೋರುತ್ತಿದ್ದುದಕ್ಕಲ್ಲ. ಸೋರಬಾರದೆಂದು.

ಆ ಮಂಗಳವಾರವೂ ಬಿಗಿ ಮಾಡಿ ಪಾನಾ ಒರೆಸುತ್ತಿದ್ದೆ. ಕಂಪ್ರೆಸರು ಕಿರ್ರೆಂದು ಒಂದು ಸ್ವರ ಎಳೆಯಿತು. ಸುಟ್ಟ ಹಗ್ಗದ ವಾಸನೆ ಬಂತು. ಹಿಂದೆಯೇ ಕಣ್ಣಿಗೆ, ಮೂಗಿಗೆ ಅಮೋನಿಯಾ ಅಡರಿತು. ಮಾಬುಸಾಬರು ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು, ಅನಿಲ ಒಳಗೆ ಬರುವ ವಾಲ್ವು ಮುಚ್ಚಿ, ಒಡಲಲ್ಲಿದ್ದುದನ್ನು ಹೊರದೂಡಿಸಿ, ಯಂತ್ರ ನಿಲ್ಲಿಸಿದರು. ಕಣಗಿನಹಾಳದಿಂದ ದಿನಾ ಸೈಕಲ್ಲಿನ ಮೇಲೆ ಬರುತ್ತಿದ್ದ ಆ ಮನುಷ್ಯ ಹೆಚ್ಚು ಮಾತಿನವರಲ್ಲ. "ಸಾಹೇಬ್ರ, ಗ್ಲ್ಯಾಂಡ್ ಬಿಚ್ಚಿ ನೋಡೂಣ್ರಿ. ವಾಸನಿ ಅಲ್ಲಿಂದನ ಬಂತು" ಎಂದರು.

ನಾನು ನನ್ನ ನೋಟುಬುಕ್ಕು ತೆಗೆದೆ. ಯಂತ್ರ ಕೆಟ್ಟರೆ ಯಾವುದರ ನಂತರ ಯಾವುದನ್ನು ನೋಡಬೇಕೆಂದು ಅದರಲ್ಲಿ ಕೆಂಪು ಗೆರೆ ಎಳೆದು ಬರೆದಿಟ್ಟಿದ್ದೆ. ಒಂದು, ತಣಿಸುವ ನೀರು. ಎರಡು, ಎಣ್ಣೆ. ಮೂರು, ಪಟ್ಟಾ. ನಾಲ್ಕು, ವಾಲ್ವು. ಹೀಗೆ ಹೋಗುತ್ತದೆ.

"ಮಾಬುಸಾಬ್ರ, ಗ್ಲ್ಯಾಂಡ್ ಏಳನೇ ನಂಬರ್. ಇನ್ನೂ ಒಂದನೇದ ಆಗಿಲ್ಲ" ಎಂದೆ.

"ಆತ್ರಿ" ಎಂದು ಅವರು ನೀರಿನ ಕೊಳವೆ ಬಿಚ್ಚಲು ಹೋದರು. ಆ "ಆತ್ರಿ"ಯಲ್ಲಿ ಏನಿತ್ತೆಂದು ಈಗ ನನಗೆ ಗೊತ್ತು.

ಒಂಬತ್ತು ಗಂಟೆಗೆ ಹನಮವ್ವ ಬಂದಳು. ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವಳು. ಪ್ರತಿ ಮಂಗಳವಾರ ಮೊದಲ ಬಸ್ಸಿನ ನೆತ್ತಿಯ ಮೇಲೆ ಮೀನಿನ ಬುಟ್ಟಿ ಹೇರಿಕೊಂಡು ಮುಂಡರಗಿಯ ಮೇಲೆ ಹಾಯ್ದು ಬಂದು, ನಮ್ಮಲ್ಲಿ ನಾಲ್ಕು ಗಡ್ಡೆ ಬರ್ಫು ಒಯ್ದು, ಸಂಜೆ ಐದರ ರೈಲಿಗೆ ಹುಬ್ಬಳ್ಳಿಗೆ ಹೋಗುವವಳು. ಅವಳು ಬಾಗಿಲಲ್ಲಿ ನಿಂತಾಗ ಒಳಗೆ ನಾವು ಮೂವರೂ ಒದ್ದೆ ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದೆವು. ಅಮೋನಿಯಾ ಇನ್ನೂ ಪೂರ್ತಿ ಹೋಗಿರಲಿಲ್ಲ. ಅವಳು ಬುಟ್ಟಿ ಇಳಿಸಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ದನಿ ತಗ್ಗಿಸಿ ಕೇಳಿದಳು: "ಯಾರು ಹ್ವಾದ್ರೋ ಯಪ್ಪಾ? ಮಾಲಕ್ರೇನು?"

"ಯಾರೂ ಹೋಗಿಲ್ಲಬೇ. ಮಶೀನ್ ಬಂದ್ ಬಿದ್ದೈತಿ" ಎಂದ ಫಕೀರಪ್ಪ, ಮೂಗು ಸೀಟುತ್ತ.

"ಮಶೀನಿಗೆ ಇಷ್ಟು ಅಳ್ತೀರಲ್ಲೋ! ನನ್ನ ಗಂಡ ಸತ್ತಾಗ ಅವನ ಅಣ್ಣತಮ್ಮರು ಇದರಾಗ ಅರ್ಧಾನೂ ಅಳಲಿಲ್ಲ."

ತಮಾಷೆ ಅಲ್ಲಿಗೆ ಮುಗಿಯಿತು. ಡಬ್ಬದಲ್ಲಿದ್ದ ಗಡ್ಡೆಗಳು ಒಂಬತ್ತೂವರೆಗೆ ಆಗಬೇಕಿದ್ದವು. ಆರು ಗಂಟೆಗೇ ಯಂತ್ರ ನಿಂತಿದ್ದರಿಂದ ಅಂಚಿನಲ್ಲಿ ಮಾತ್ರ ಬರ್ಫು, ನಡುವೆ ಇನ್ನೂ ನೀರು. ಫಕೀರಪ್ಪ ಒಂದನ್ನು ಎತ್ತಿ ಒಡೆದು ತೋರಿಸಿದ. ಹನಮವ್ವ ಆ ಚೂರುಗಳನ್ನು ಆಯ್ದು ಮೀನಿನ ಮೇಲೆ ಹರವಿ ಗೋಣಿಚೀಲ ಮುಚ್ಚಿದಳು. "ಇದರ ಮ್ಯಾಲ ಮಧ್ಯಾಹ್ನ ದಾಟ್ತಾವು. ಹುಬ್ಬಳ್ಳಿಗೆ ಈ ಸಿಪ್ಪಿ ನಡಿಯಂಗಿಲ್ರಿ. ಗಟ್ಟಿ ಗಡ್ಡೀನ ಬೇಕು" ಎಂದಳು. ಮೇ ತಿಂಗಳ ಬಿಸಿಲು ಆಗಲೇ ತಗಡಿನ ಮೇಲೆ ಟಣ್ ಟಣ್ ಎನ್ನುತ್ತಿತ್ತು. ಹೊಳೆ ಬತ್ತಿ ಮಡುಗಳಲ್ಲಿ ನಿಂತ ಮೀನನ್ನು ಅವಳ ಇಬ್ಬರು ಮಕ್ಕಳು ಹಿಡಿದು ಕೊಟ್ಟಿದ್ದರು. ಹುಬ್ಬಳ್ಳಿಯ ಬೆಳಗಿನ ಪೇಟೆಯಲ್ಲಿ ಅವಳಿಗೆ ಹನ್ನೆರಡು ವರ್ಷದಿಂದ ಒಂದು ಜಾಗ ಇತ್ತಂತೆ, ಬೇವಿನ ಗಿಡದ ಬುಡದಲ್ಲಿ. "ಒಂದ್ ಸಲ ಹನಮವ್ವನ ಮೀನ ನಾರ್ತಾವು ಅಂದ್ರ ಆತ್ರಿ ಸಾಹೇಬ್ರ. ಮರುವಾರ ಆ ಗಿಡದ ಬುಡಕ ಬ್ಯಾರೇದಾಕಿ ಕುಂತಿರ್ತಾಳ. ನನ್ನ ಯಾರೂ ತಿರುಗಿ ನೋಡೂದಿಲ್ಲ." ಇದನ್ನು ಅವಳು ಅಳುತ್ತ ಹೇಳಲಿಲ್ಲ. ನಾನು ಕೇಳುವಾಗ ನನ್ನ ಕಣ್ಣಲ್ಲಿ ನೀರಿತ್ತು, ಅದರ ಕಾರಣ ಅಮೋನಿಯಾ.

ನಾನು ಆಗ ಐದನೆಯ ನಂಬರಿನಲ್ಲಿದ್ದೆ. ಗಂಧಕದ ಬತ್ತಿ ಹೊತ್ತಿಸಿ ಕೊಳವೆಗಳ ಒಂದೊಂದೇ ಜೋಡಣೆಯ ಹತ್ತಿರ ಹಿಡಿಯುವುದು. ಅನಿಲ ಸೋರುತ್ತಿದ್ದರೆ ಅಲ್ಲಿ ಹೊಗೆ ದಟ್ಟವಾಗಿ ಬೆಳ್ಳಗಾಗುತ್ತದೆ. ಕ್ರಮದ ಪ್ರಕಾರ ಕಂಪ್ರೆಸರಿನಿಂದ ಅತಿ ದೂರದ ಜೋಡಣೆಯಿಂದ ಶುರು ಮಾಡಬೇಕು. ಶುರು ಮಾಡಿದೆ. ಹನಮವ್ವ ಹೊಸ್ತಿಲ ಮೇಲೆ ಕುಳಿತು ನೋಡಿದಳು.

"ಮಾಬಣ್ಣಾ, ಸಾಹೇಬ್ರು ಗ್ವಾಡಿಗೆ ಊದಿನಕಡ್ಡಿ ಯಾಕ ಬೆಳಗಾಕತ್ತಾರ?"

"ಎಲ್ಲಿ ಸೋರ್ತೈತಿ ಅಂತ ಹುಡುಕಾಕತ್ತಾರಬೇ ಯಕ್ಕಾ."

"ಎಲ್ಲಿ ಸೋರ್ತೈತಿ ಅಂತ ನಿನಗ ಗೊತ್ತಿಲ್ಲೇನು?"

ಮಾಬುಸಾಬರು ನನ್ನ ಕಡೆ ನೋಡಿದರು. ಫಕೀರಪ್ಪ ಸುಮ್ಮನಾಗುವ ಜಾತಿಯವನಲ್ಲ. "ಗೊತ್ತೈತ್ಯವ್ವಾ. ಆದ್ರ ಅದು ಏಳನೇ ನಂಬರಿಗೆ ಬರ್ತೈತಿ. ಸಾಹೇಬ್ರದು ಈಗ ಐದನೇದು ನಡದೈತಿ" ಎಂದ.

ಹನಮವ್ವ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ನನ್ನನ್ನು ಕೇಳಿದಳು: "ಏಳನೇದನ್ನ ಮೊದಲ ನೋಡಿದ್ರ ಒಂದನೇದು ಸಿಟ್ಟಾಗ್ತೈತೇನ್ರಿ?"

ನಲವತ್ತು ವರ್ಷ ಬದುಕಿದ್ದೆ, ಈ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಕೈಯಲ್ಲಿದ್ದ ಬತ್ತಿಯನ್ನು ಹಿಡಿದು, ನಡುವಿನ ಹದಿನಾಲ್ಕು ಜೋಡಣೆಗಳನ್ನು ದಾಟಿ ನೇರವಾಗಿ ಗ್ಲ್ಯಾಂಡಿನ ಹತ್ತಿರ ಹೋದೆ. ಒಳಗೆ ಉಳಿದಿದ್ದ ಅಷ್ಟಿಷ್ಟು ಅನಿಲಕ್ಕೇ ಹೊಗೆ ಹತ್ತಿಯ ಹಾಗೆ ಬೆಳ್ಳಗೆ ಅರಳಿತು.

ಗಂಟೆ ಹನ್ನೊಂದಾಗಿತ್ತು. ಮಾಬುಸಾಬರು ನಟ್ಟು ಬಿಚ್ಚಿ, ಕೊಕ್ಕೆಯಿಂದ ಹುರಿಯ ಬಳೆಗಳನ್ನು ಎಳೆದರು. ಹುರಿ ಎನ್ನುವಂಥದ್ದೇನೂ ಉಳಿದಿರಲಿಲ್ಲ. ಒಂದೊಂದೂ ಇದ್ದಲಿನ ತುಂಡಾಗಿ ಕೆಳಗೆ ಬಿತ್ತು. ಫಳಫಳ ಹೊಳೆಯಬೇಕಾದ ದಂಡದ ಮೇಲೆ ಉಗುರಿನಿಂದ ಕೆರೆದಂತೆ ಗೀರು ಬಿದ್ದಿದ್ದವು. ಸತ್ತವರ ಮುಖ ನೋಡುವ ಹಾಗೆ ನಾಲ್ವರೂ ಬಗ್ಗಿ ನೋಡಿದೆವು.

"ಹೆಂಗ ಸುಟ್ಟಿತೋ ಇದು?" ಎಂದಳು ಹನಮವ್ವ.

"ಭಾಳ ಬಿಗಿ ಆಗಿತ್ತು ಯಕ್ಕಾ" ಎಂದರು ಮಾಬುಸಾಬರು ತಲೆ ಎತ್ತದೆ.

"ಬಿಗಿ ಮಾಡಿದಾವ ಯಾಂವಾ?"

ಮಾಬುಸಾಬರು ಕೊಕ್ಕೆ ಒರೆಸತೊಡಗಿದರು. ಫಕೀರಪ್ಪ ಇದ್ದಲಿನ ತುಂಡುಗಳನ್ನು ಆಯತೊಡಗಿದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ದಿನಕ್ಕೆ ಒಂದು ನಿಮಿಷ. ಸಂಕ್ರಾಂತಿಯಿಂದ ಇಲ್ಲಿಗೆ ಹೆಚ್ಚುಕಡಿಮೆ ನೂರಾ ಇಪ್ಪತ್ತು ದಿನ. ನೂರಾ ಇಪ್ಪತ್ತು ನಿಮಿಷ, ಅಂದರೆ ಪೂರ್ತಿ ಎರಡು ಸುತ್ತು. ಒಂದೇ ಸಲಕ್ಕೆ ಯಾರಾದರೂ ಎರಡು ಸುತ್ತು ಬಿಗಿ ಮಾಡಿದ್ದರೆ ಅವನನ್ನು ಅಂದೇ ಮನೆಗೆ ಕಳಿಸುತ್ತಿದ್ದೆ. ನಾಲ್ಕು ತಿಂಗಳಲ್ಲಿ, ಶಿಸ್ತಿನಿಂದ ಮಾಡಿದ್ದಕ್ಕೆ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

"ನಾನ ಯವ್ವಾ" ಎಂದೆ.

"ಮಾಬಣ್ಣಾ, ನಿನಗ ಗೊತ್ತಿತ್ತಲ್ಲ, ಹೇಳಬಾರದಾಗಿತ್ತೇನು?"

"ಎರಡು ಸಲ ಹೇಳೇನಿ ಯಕ್ಕಾ. ಸಾಹೇಬ್ರು ಬರಕೊಂಡ್ರು" ಎಂದರು ಅವರು. ಅದೂ ಖರೆ. ಆರನೆಯ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, 'ಸೂಚನೆ: ಗ್ಲ್ಯಾಂಡು ಬಿಗಿಯಾಗುತ್ತಿದೆ, ಮಾಬುಸಾಬ' ಎಂದು ಎರಡು ಕಡೆ ಇತ್ತು. ಬರೆದುಕೊಂಡ ಮೇಲೆ ಅದರ ಕೆಲಸ ಮುಗಿಯಿತೆಂದು ತಿಳಿಯುವ ಜನರಲ್ಲಿ ನಾನೂ ಒಬ್ಬ.

ಮುಂದಿನ ಎರಡು ತಾಸು ನಾನು ಮಾಬುಸಾಬರ ಕೈಕೆಳಗೆ ಕೆಲಸ ಮಾಡಿದೆ. ಅವರು ದಂಡಕ್ಕೆ ಎಣ್ಣೆ ಹಚ್ಚಿ, ಸಣ್ಣ ಉಸುಕುಕಾಗದದಿಂದ ಗೀರು ಹೋಗುವವರೆಗೆ ಉಜ್ಜಿದರು. ನಾನು ಹಿಡಿದುಕೊಂಡೆ. ಅವರು ಹೊಸ ಹುರಿಯನ್ನು ಓರೆಯಾಗಿ ಕತ್ತರಿಸಿ ಎಣ್ಣೆಯಲ್ಲಿ ಅದ್ದಿ, ಒಂದರ ಕೂಡು ಇನ್ನೊಂದರ ಕೂಡಿನ ಮೇಲೆ ಬರದಂತೆ ತೊಡಿಸಿದರು. ನಾನು ಎಣ್ಣೆಯ ಬಟ್ಟಲು ಹಿಡಿದೆ. ನಟ್ಟುಗಳನ್ನು ಅವರು ಪಾನಾ ಮುಟ್ಟದೆ ಬರಿ ಬೆರಳಿನಿಂದ ಏರಿಸಿ ಬಿಟ್ಟರು. ನನ್ನ ಕೈ ತಾನಾಗಿ ಮುಂದೆ ಹೋಯಿತು. "ಸಾಕ್ರಿ" ಎಂದರು.

ಒಂದು ಗಂಟೆಗೆ ಕಂಪ್ರೆಸರು ತಿರುಗಿತು. ಸ್ವರ ಚೆನ್ನಾಗಿತ್ತು. ಅಮೋನಿಯಾದ ವಾಸನೆ ಇರಲಿಲ್ಲ. ಗಡ್ಡೆಗಳ ನಡುವಿನ ನೀರು ಹೆಪ್ಪುಗಟ್ಟಲು ಮೂರು ತಾಸಿನ ಮೇಲೆ ಬೇಕು, ಅಷ್ಟು ಹೊತ್ತು ಯಂತ್ರ ಎಲ್ಲಿಯೂ ನಿಲ್ಲಬಾರದು. ನಿಂತರೆ ರೈಲು ತಪ್ಪುತ್ತದೆ. ಎಲ್ಲರೂ ಸಮಾಧಾನದಿಂದ ಚಹಾಕ್ಕೆ ಕುಳಿತರು. ನಾನು ಮಾತ್ರ ನೋಡಬಾರದ್ದನ್ನು ನೋಡಿದೆ. ಗ್ಲ್ಯಾಂಡಿನ ಕೆಳಗೆ ಎಣ್ಣೆಯ ಒಂದು ಹನಿ ಮೂಡಿ, ಉದ್ದವಾಗಿ, ಟಪ್ಪೆಂದು ನೆಲಕ್ಕೆ ಬಿತ್ತು. ಹಿಂದೆಯೇ ಇನ್ನೊಂದು ಮೂಡಿತು.

ಚಹಾದ ಬಟ್ಟಲು ಇಟ್ಟು ಎದ್ದೆ. ಪಾನಾ ಕೈಗೆ ಹೇಗೆ ಬಂತೋ ತಿಳಿಯದು.

"ಸಾಹೇಬ್ರ!" ಎಂದರು ಮಾಬುಸಾಬರು. ಅವರ ಬಾಯಲ್ಲಿ ಅಷ್ಟು ಗಟ್ಟಿ ದನಿ ನಾನು ಕೇಳಿರಲಿಲ್ಲ. "ಹನಿ ಬೀಳಬೇಕ್ರಿ. ಹನಿ ಬಿದ್ರನ ಅದು ತಂಪಿರ್ತೈತಿ. ನಿಲ್ಲಿಸಿದ್ರ ಸಂಜಿಮುಂದ ಮತ್ತ ಸುಡ್ತೈತಿ."

"ಸ್ವಲ್ಪ, ಮಾಬುಸಾಬ್ರ. ಒಂದ ಒಂದು ನಿಮಿಷದಷ್ಟು."

ಹನಮವ್ವ ಎದ್ದು ಬಂದು ನನ್ನ ಮುಂದೆ ಕೈ ಚಾಚಿದಳು. "ಪಾನಾ ಇಲ್ಲಿ ಕೊಡ್ರಿ."

ಕೊಟ್ಟೆ. ಅವಳು ಹೊಸ್ತಿಲಿಗೆ ಹೋಗಿ ಅದನ್ನು ಕೆಳಗೆ ಇಟ್ಟು ಅದರ ಮೇಲೆ ಕುಳಿತಳು. ಆ ಅಳತೆಯ ಪಾನಾ ಕಾರ್ಖಾನೆಯಲ್ಲಿ ಅದೊಂದೇ ಇತ್ತು. ಮೂರು ತಾಸು ಅವಳು ಅಲ್ಲಿಂದ ಕದಲಲಿಲ್ಲ. ಫಕೀರಪ್ಪ ತಂದ ರೊಟ್ಟಿಯನ್ನೂ ಅಲ್ಲೇ ಕುಳಿತು ತಿಂದಳು. ನಾನು ಎದ್ದಾಗಲೆಲ್ಲ ಅವಳು ತಿನ್ನುವುದನ್ನು ನಿಲ್ಲಿಸಿ ನನ್ನ ಕೈ ನೋಡುತ್ತಿದ್ದಳು. "ನೀರು ಕುಡ್ಯಾಕ ಹೊಂಟೀನವಾ" ಎಂದು ಹೇಳಿಯೇ ಹೋಗಬೇಕಾಯಿತು. ಹನಿ ಬೀಳುವ ಸಪ್ಪಳ ಯಂತ್ರದ ಗದ್ದಲದಲ್ಲಿ ಯಾರಿಗೂ ಕೇಳುವಂತಿರಲಿಲ್ಲ. ನನಗೆ ಒಂದೊಂದೂ ಕೇಳಿಸುತ್ತಿತ್ತು.

ನಾಲ್ಕು ಗಂಟೆ ಹದಿನೈದು ನಿಮಿಷಕ್ಕೆ ಫಕೀರಪ್ಪ ಡಬ್ಬ ಎತ್ತಿ, ನೀರಿನಲ್ಲಿ ಅದ್ದಿ, ಗಡ್ಡೆ ಜಾರಿಸಿದ. ನಡುವೆ ಬೆರಳಿನಷ್ಟು ಬಿಳಿ ಗೆರೆ ಬಿಟ್ಟರೆ ತಳದವರೆಗೆ ಬರ್ಫು. ಹನಮವ್ವ ಮುಷ್ಟಿಯಿಂದ ಗುದ್ದಿ ನೋಡಿದಳು. "ಗಟ್ಟಿ ಐತಿ" ಎಂದಳು. ನಾಲ್ಕು ಗಡ್ಡೆ, ಕಟ್ಟಿಗೆಯ ಹೊಟ್ಟು, ಗೋಣಿಚೀಲ, ಬುಟ್ಟಿ, ಎಲ್ಲವನ್ನೂ ಟಾಂಗಾದಲ್ಲಿ ಹೇರಿದೆವು. ಒಂದು ಗಡ್ಡೆಯನ್ನು ನಾನೇ ಹೊತ್ತು ಅಂಗಿ ಒದ್ದೆ ಮಾಡಿಕೊಂಡೆ. ಟಾಂಗಾ ಹೊರಡುವಾಗ ನಾನು ಕೈ ಚಾಚಿದೆ.

"ಪಾನಾ?"

"ನನ್ನ ಬುಟ್ಟ್ಯಾಗ ಐತ್ರಿ. ಮುಂದಿನ ಮಂಗಳವಾರ ತಂದು ಕೊಡ್ತೀನಿ. ಅಲ್ಲೀಮಟಾ ಮಶೀನ್ ಆರಾಮ ಇರ್ಲಿ" ಎಂದಳು. ಕುದುರೆ ಸ್ಟೇಷನ್ನಿನ ಕಡೆ ತಿರುಗಿತು. ಮಾಬುಸಾಬರು ಹಿಂದೆ ನಿಂತು ನಕ್ಕರೋ ಏನೋ, ನಾನು ತಿರುಗಿ ನೋಡಲಿಲ್ಲ.

ಆರು ಗಂಟೆ. ಒತ್ತಡ ತೋರಿಸುವ ಮುಳ್ಳುಗಳೆಲ್ಲ ಸರಿಯಾದ ಅಂಕೆಯ ಮೇಲಿದ್ದವು. ಹನಿ ಬೀಳುತ್ತಲೇ ಇತ್ತು. ಒಂದು ಖಾಲಿ ಡಬ್ಬಿ ತಂದು ಅದರ ಕೆಳಗೆ ಇಟ್ಟೆ. ಹನಿ ಅಂಚಿಗೆ ಬಿತ್ತು. ಸ್ವಲ್ಪ ಎಡಕ್ಕೆ ಸರಿಸಿದೆ. ಮತ್ತೆ ಸ್ವಲ್ಪ ಹಿಂದಕ್ಕೆ. ಮೂರನೆಯ ಸಲ ನಟ್ಟ ನಡುವೆ ಬಿತ್ತು. "ನಡೀರಿ ಸಾಹೇಬ್ರ, ಮನಿಗೆ" ಎಂದರು ಮಾಬುಸಾಬರು. ಎರಡು ನಿಮಿಷ ಇರಿ ಎಂದು ಕೈಗಡಿಯಾರ ಬಿಚ್ಚಿ ಹಿಡಿದು ಎಣಿಸಿದೆ. ಇಪ್ಪತ್ತು ಸೆಕೆಂಡಿಗೆ ಒಂದು. ಒಂದೂ ಹೊತ್ತು ತಪ್ಪಲಿಲ್ಲ. ಅಷ್ಟು ಶಿಸ್ತಿನ ಸೋರಿಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾಳೆಯಿಂದ ಆರು ಹತ್ತಕ್ಕೆ ಏನು ಮಾಡಬೇಕೆಂಬುದು ಗೊತ್ತಾದ ಸಮಾಧಾನದಲ್ಲಿ, ನೋಟುಬುಕ್ಕಿನಲ್ಲಿ 'ಹನಿ ಎಣಿಸುವುದು' ಎಂದು ಬರೆದು, ಕೆಳಗೆ ಕೆಂಪು ಗೆರೆ ಎಳೆದು, ಮನೆಗೆ ಹೊರಟೆ.